ಬ್ರಹ್ಮಕಮಲಕ್ಕೆ ಹಗಲಲ್ಲಿ ರಾತ್ರಿ ಮಾಡಿದ್ದು

ಆಗ ನನಗೆ ಎಪ್ಪತ್ತೊಂದು. ಇದು ನಡೆದು ಎರಡು ವರ್ಷವಾಯಿತು.

ನಮ್ಮ ಬನಶಂಕರಿ ಮನೆಯ ಅಂಗಳದಲ್ಲಿ ಹಳೇ ಪೇಂಟ್ ಡಬ್ಬದೊಳಗೆ ಒಂದು ಬ್ರಹ್ಮಕಮಲವಿತ್ತು. ಅದೇನೂ ಚೆಂದದ ಗಿಡವಲ್ಲ. ಎಲೆಯ ಮೇಲೆ ಎಲೆ ಹುಟ್ಟಿಕೊಂಡು, ತಲೆ ಬಾಚದ ಹೆಂಗಸಿನ ಹಾಗೆ ಕಾಣುತ್ತಿತ್ತು. ವರ್ಷಕ್ಕೆ ಒಂದೆರಡು ಸಲ ಹೂ ಬಿಡುತ್ತದೆ, ಅದೂ ರಾತ್ರಿ ಹತ್ತರ ಮೇಲೆ. ಬೆಳಗಾಗುವಷ್ಟರಲ್ಲಿ ಮುದುಡಿಹೋಗುತ್ತದೆ. ಒಂಬತ್ತು ವರ್ಷ ನೀರು ಹಾಕಿದವಳು ನಾನು, ಒಂದು ಸಲವೂ ಅರಳಿದ್ದನ್ನು ಕಂಡಿರಲಿಲ್ಲ. ನಾನು ಕಂಡದ್ದೆಲ್ಲ ಬೆಳಿಗ್ಗೆ, ಕತ್ತು ಕುಯ್ದ ಕೋಳಿಯ ಹಾಗೆ ಜೋತುಬಿದ್ದದ್ದು.

ಕಾರಣ ನನ್ನ ನಿದ್ದೆ. ನಲವತ್ತು ವರ್ಷ ಸೊಪ್ಪು ಮಾರಿದ್ದೇನೆ. ಬೆಳಗಿನ ಜಾವ ಮೂರಕ್ಕೆ ಎದ್ದು, ತಲಘಟ್ಟಪುರದ ಕಡೆಯ ತೋಟಗಳಿಂದ ಸೊಪ್ಪು ತಂದು, ಜಯನಗರದಲ್ಲಿ ಕೂತು ಮಾರಿ, ರಾತ್ರಿ ಎಂಟಕ್ಕೆ ಮಲಗಿಬಿಡುತ್ತಿದ್ದೆ. ವ್ಯಾಪಾರ ನಿಂತರೂ ಆ ಅಭ್ಯಾಸ ನಿಲ್ಲಲಿಲ್ಲ. ಒಂದು ಸಲ ಹಟಕ್ಕೆ ಬಿದ್ದು, ಎರಡು ಲೋಟ ಕಾಫಿ ಕುಡಿದು, ಗಿಡದ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಸೊಳ್ಳೆ ಕಚ್ಚಿ ಮುಖ ಕಡುಬಾಗಿತ್ತು.

ಎದುರು ಮನೆಯವಳು ನನ್ನ ವಾರಿಗೆಯವಳೇ. ಅವಳಿಗೆ ರಾತ್ರಿ ಹನ್ನೆರಡಾದರೂ ನಿದ್ದೆ ಬರದು. ಹೂ ಅರಳಿದ ದಿನ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕೂಡಿಸಿಕೊಂಡು ನಮ್ಮ ಗೇಟು ತೆಗೆದು ಬರುವುದು, ಪೂಜೆ ಮಾಡುವುದು, ಫೋಟೋ ತೆಗೆಯುವುದು. ಬೆಳಿಗ್ಗೆ ನಾನು ಹಾಲು ತರಲು ಹೋದರೆ ಬಾಗಿಲಲ್ಲೇ ನಿಂತಿರುತ್ತಿದ್ದಳು.

"ಏನೇ, ರಾತ್ರಿ ನಿನ್ ಹೂವ ಅರಳ್ತು. ಊಟದ ತಟ್ಟೆ ಅಗಲ. ನಿನ್ ಗೊರಕೆ ಬೀದಿಗೆಲ್ಲ ಕೇಳ್ತಿತ್ತು, ಎಬ್ಬಿಸೋದ್ಯಾಕೆ ಅಂತ ನಾವೇ ಮಂಗಳಾರತಿ ಮಾಡ್ಕೊಂಡ್ ಬಂದ್ವಿ."

"ಕರ್ಪೂರ ಯಾರದು?"

"ನಿಮ್ಮನೇದೇ. ಕಿಟಕೀಲಿತ್ತಲ್ಲ."

ನನಗೆ ಹೂವಿನ ಹುಚ್ಚೇನೂ ಇಲ್ಲ. ಆದರೆ ನನ್ನ ಗಿಡದ ಹೂವನ್ನು ಬೀದಿಯೆಲ್ಲ ನೋಡಿ, ನಾನೊಬ್ಬಳೇ ನೋಡಿಲ್ಲ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ. ಸಾಯುವುದರೊಳಗೆ ಒಂದು ಸಲ ನೋಡಲೇಬೇಕು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ನಮ್ಮ ಮಹಡಿಯ ಬಾಡಿಗೆಯವಳು ಬ್ಯಾಂಕಿಗೆ ಹೋಗುವ ಹೆಂಗಸು. ಪಕ್ಕದಲ್ಲಿ ನಾಲ್ಕು ಅಂತಸ್ತಿನ ಮನೆ ಎದ್ದ ಮೇಲೆ ಅವಳ ಕೋಣೆಗೆ ಬಿಸಿಲು ಬೀಳದೆ, ಕುಂಡಗಳ ಮೇಲೆ ಉದ್ದುದ್ದ ಎಲ್‌ಇಡಿ ಪಟ್ಟಿ ಕಟ್ಟಿದ್ದಳು. ಮೊದಲು ನೋಡಿದಾಗ ಬೇಕರಿಯಲ್ಲಿ ನೊಣ ಹೊಡೆಯುವ ಲೈಟು ಅಂದುಕೊಂಡೆ. ಗಿಡಕ್ಕೆ ಬಿಸಿಲಿನ ಬದಲು ಅಂದಳು. ನನಗೂ ಒಂದು ಕೊಡು ಅಂದೆ, ಕೊಟ್ಟಳು. ಹೇಗೆ ಕಟ್ಟಬೇಕು ಅಂತ ಹೇಳಿದಳು, ನಾನು ಕೇಳಿಸಿಕೊಳ್ಳಲಿಲ್ಲ. ಗಿಡಕ್ಕೆ ನೀರು ಹಾಕುವುದನ್ನು ಇವಳಿಂದ ಕಲಿಯಬೇಕೆ ನಾನು.

ಗಿಡವನ್ನು ನಡುಮನೆಗೆ ತಂದು, ಎಲೆಗೆ ತಾಗುವ ಹಾಗೆ ಲೈಟು ಕಟ್ಟಿ, ಹಗಲೂ ರಾತ್ರಿ ಉರಿಸಿದೆ. ಜಾಸ್ತಿ ಬೆಳಕಾದರೆ ಜಾಸ್ತಿ ಹೂವು ಅನ್ನುವುದು ನನ್ನ ಲೆಕ್ಕ. ಒಂದು ವಾರಕ್ಕೆ ಎಲೆಯ ಅಂಚು ಹಪ್ಪಳ ಸುಟ್ಟ ಹಾಗಾಯಿತು. ಅವಳು ಬಂದು ನೋಡಿದಳು.

"ಅಜ್ಜಿ, ಗಿಡಕ್ಕೆ ಲೈಟ್ ಹಾಕಿದ್ದೀರೋ, ಇಸ್ತ್ರಿ ಮಾಡ್ತಿದ್ದೀರೋ? ಒಂದು ಮೊಳ ಮೇಲೆ ಕಟ್ಬೇಕು. ಹನ್ನೆರಡು ಗಂಟೆ ಉರಿಸಿ ಆರಿಸ್ಬೇಕು. ಅದಕ್ಕೂ ರಾತ್ರಿ ಬೇಕು."

"ಆರಿಸಿದ್ರೆ ಅದಕ್ಕೆ ರಾತ್ರಿನಾ?"

"ಹೂಂ. ಬೇರೆ ಬೆಳಕು ಬೀಳದಿದ್ರೆ ರಾತ್ರಿನೇ."

"ಹಂಗಾದ್ರೆ ಬೆಳಿಗ್ಗೆ ಏಳು ಗಂಟೆಗೆ ರಾತ್ರಿ ಮಾಡು."

ಅವಳು ಮಹಡಿಗೆ ಹೋಗಿ ಟೈಮರ್ ತಂದಳು.

ಆಗ ಗಿಡದಲ್ಲಿ ಬಟಾಣಿ ಗಾತ್ರದ ಎರಡು ಮೊಗ್ಗಿದ್ದವು. ನಮ್ಮ ಉಗ್ರಾಣಕ್ಕೆ ಕಿಟಕಿ ಇಲ್ಲ. ಗಿಡವನ್ನು ಅಲ್ಲಿಗೆ ಎಳೆದು, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದೆ. ಸಂಜೆ ಏಳಕ್ಕೆ ಲೈಟು ತಾನೇ ಹತ್ತುತ್ತಿತ್ತು, ಬೆಳಿಗ್ಗೆ ಏಳಕ್ಕೆ ತಾನೇ ಆರುತ್ತಿತ್ತು. ಹಗಲು ಯಾರೂ ಬಾಗಿಲು ತೆಗೆಯಬಾರದು ಅಂತ ಮನೆಯಲ್ಲಿ ಹೇಳಿದೆ. ಅಕ್ಕಿ, ಬೇಳೆ, ಹುಣಿಸೆಹಣ್ಣು ಎಲ್ಲ ಒಳಗೆ. ಏಳರೊಳಗೆ ತೆಗೆದಿಟ್ಟುಕೊಂಡರೆ ಉಂಟು, ಮರೆತರೆ ಇಲ್ಲ. ಎರಡು ದಿನ ಬೇಳೆ ಮರೆತು ಮನೆಯವರೆಲ್ಲ ಮಜ್ಜಿಗೆ ಅನ್ನ ಉಂಡರು. ಸೊಸೆ ಪಾತ್ರೆಗಳನ್ನು ಜೋರಾಗಿ ಇಡತೊಡಗಿದಳು.

ಮೂರು ವಾರದ ಮೇಲೆ ಒಂದು ಮೊಗ್ಗು ಕತ್ತೆತ್ತಿ ಹೊಟ್ಟೆ ಉಬ್ಬಿಸಿಕೊಂಡಿತು. ನಾಳೆ ಹಗಲು ಹನ್ನೊಂದಕ್ಕೆ ಬ್ರಹ್ಮಕಮಲ ಅರಳುತ್ತದೆ, ಬನ್ನಿ ಅಂತ ಬೀದಿಗೆಲ್ಲ ಹೇಳಿಬಂದೆ.

"ಹಗಲು ಅರಳೋದಾಗಿದ್ರೆ ದಾಸವಾಳ ಅಂತ ಹೆಸರಿಡ್ತಿದ್ರು," ಅಂದಳು ಎದುರು ಮನೆಯವಳು.

ಮಾರನೆಯ ದಿನ ಐದು ಜನ ಬಂದರು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು, ಮೊಗ್ಗು ಅಲ್ಲಾಡಲಿಲ್ಲ. ಚಿತ್ರಾನ್ನ ತಿಂದು, ಕುಕ್ಕರ್ ಇಡಬೇಕು ಅಂತ ನಾಲ್ವರು ಎದ್ದು ಹೋದರು. ಅವರು ಹೋಗುವಾಗ ಒಳಗೆ ಬಿದ್ದ ಬೆಳಕು ಕಂಡು, ಇನ್ನು ಬಾಗಿಲು ತೆಗೆಯಬಾರದು ಅಂತ ಸಂದಿಗೆ ಮತ್ತೆ ಸೀರೆ ತುರುಕಿದೆ. ಎದುರು ಮನೆಯವಳು ಮಾತ್ರ ಉಳಿದಳು, ನನ್ನ ಮಾನ ಹೋಗುವುದನ್ನು ಪೂರ್ತಿ ನೋಡಲು. ಉಗ್ರಾಣದ ಮೂಲೆಯಲ್ಲಿ, ಗಿಡಕ್ಕೆ ಹಗಲೆನಿಸದಷ್ಟು ಮಂಕಾಗಿ, ಒಂದು ಸಣ್ಣ ಕೆಂಪು ಬಲ್ಬು. ನಾನು ಸ್ಟೂಲಿನ ಮೇಲೆ, ಅವಳು ಅಕ್ಕಿ ಡಬ್ಬದ ಮೇಲೆ.

"ಲೇ, ನಂಗೆ ಶುಗರ್ ಕಣೇ. ಬಚ್ಚಲಿಗೆ ಹೋಗ್ಬೇಕು."

"ತಡ್ಕೋ. ಬಾಗಿಲು ತೆಗೆದ್ರೆ ಬೆಳಕು ಬರುತ್ತೆ."

"ಹೂವು ಅರಳೋ ತಂಕ ನಾನ್ ತಡ್ಕೋಬೇಕಾ?"

"ಒಂಬತ್ತು ವರ್ಷ ನಾನ್ ತಡ್ಕೊಂಡಿಲ್ವಾ?"

ಕೊನೆಗೆ ನನ್ನ ಕಂಬಳಿಯನ್ನು ಗಿಡದ ಮೇಲೆ ಡೇರೆಯ ಹಾಗೆ ಎತ್ತಿ ಹಿಡಿದುಕೊಂಡೆ, ಅವಳು ಹೋಗಿ ಬಂದಳು. ಬಾಗಿಲು ಮುಚ್ಚಿ ಕಂಬಳಿ ತೆಗೆದಾಗ ಘಮ್ ಅಂತ ವಾಸನೆ ಬಂತು. ಮೊಗ್ಗಿನ ತುದಿ ಬಿರಿದಿತ್ತು. ಹೊರಗಿನ ಎಸಳುಗಳು ಬೆರಳು ಬಿಡಿಸಿದ ಹಾಗೆ ಒಂದೊಂದೇ ಹಿಂದಕ್ಕೆ ಸರಿದವು. ನೋಡುತ್ತಿರುವಾಗಲೇ ಒಂದು ಸಲ ಅದುರುತ್ತಿತ್ತು, ಸುಮ್ಮನಾಗುತ್ತಿತ್ತು, ಮತ್ತೆ ಸ್ವಲ್ಪ ಅಗಲವಾಗುತ್ತಿತ್ತು. ಒಂದು ಗಂಟೆಯ ಹೊತ್ತಿಗೆ ನನ್ನ ಎರಡು ಅಂಗೈ ಸೇರಿಸಿದರೂ ಸಾಲದಷ್ಟಾಯಿತು. ಬೆಳ್ಳಗೆ, ನಡುವೆ ಸಣ್ಣ ಸಣ್ಣ ಕೇಸರ. ಊಟದ ತಟ್ಟೆಯಷ್ಟೇನೂ ಇರಲಿಲ್ಲ, ಅವಳು ಸುಳ್ಳಿ. ಆದರೂ ಚೆನ್ನಾಗಿತ್ತು.

ಅವಳು ಅಕ್ಕಿ ಡಬ್ಬವನ್ನು ಗಿಡದ ಹತ್ತಿರಕ್ಕೆ ಎಳೆದುಕೊಂಡಳು.

"ಕರ್ಪೂರ ತರ್ಲಾ?" ಅಂದಳು ಆಮೇಲೆ.

"ಬೇಡ. ಹೊಗೆಯಾಗುತ್ತೆ. ಸುಮ್ನೆ ಕೂತ್ಕೊ."

ಕೂತಳು. ಸ್ವಲ್ಪ ಹೊತ್ತಾದ ಮೇಲೆ, "ರಾತ್ರೀದೇ ಇನ್ನೂ ಚೆನ್ನಾಗಿರ್ತಿತ್ತು," ಅಂದಳು. ಸೊಸೆಯನ್ನು ಕರೆದೆ, ಅವಳೂ ಬಂದು ಬಾಗಿಲಿಗೆ ಒರಗಿ ನೋಡಿದಳು. ಸಂಜೆ ಲೈಟು ಹತ್ತುವ ಹೊತ್ತಿಗೂ ಹೂವು ಅರಳಿಯೇ ಇತ್ತು. ಎಂಟಕ್ಕೆ ಹೋಗಿ ಮಲಗಿದೆ.

ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ಎದ್ದು, ಗಿಡವನ್ನು ಎಳೆದುಕೊಂಡು ಹೋಗಿ ಅಂಗಳದಲ್ಲಿಟ್ಟೆ. ಲೈಟಿನ ವೈರು ಸುತ್ತಿ, ಟೈಮರ್ ಸಮೇತ ಮಹಡಿಗೆ ಒಯ್ದು ಬಾಡಿಗೆಯವಳ ಕೈಯಲ್ಲಿ ಕೊಟ್ಟೆ.

"ಇನ್ನೊಂದು ಮೊಗ್ಗಿದ್ಯಲ್ಲ ಅಜ್ಜಿ?" ಅಂದಳು.

"ಅದು ರಾತ್ರಿ ಎಚ್ಚರ ಇರೋರಿಗೆ," ಅಂದೆ. ಕೆಳಗಿಳಿದು ಬಂದು ಉಗ್ರಾಣದ ಬಾಗಿಲನ್ನು ಹಾರು ಹೊಡೆದು, ಚೆಲ್ಲಿದ್ದ ಮಣ್ಣು ಗುಡಿಸಿದೆ.