ಕಾಕುವಿನ ಕೆಂಪು ಮಾಳ

ಕಾಕುವಿನ ಅಂಗೈ ಗೆರೆಗಳಲ್ಲಿ ಕೆಂಪು ಮಣ್ಣು ಕೂತಿರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗದು. ಗೋರಂಟಿ ಹಚ್ಚಿದ ಹಾಗೆ ಕಾಣುವುದು. ಗಂಡ ಸತ್ತವಳ ಕೈಗೆ ಇದೇನು ಬಣ್ಣ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಉದಗೀರ ಸೀಮೆಯ ನಮ್ಮ ಊರು ಎರೆಮಣ್ಣಿನದು. ಎಲ್ಲರ ಕೈಕಾಲೂ ಕಪ್ಪು, ಆಕೆಯದು ಮಾತ್ರ ಕೆಂಪು.

ಆಕೆ ನನ್ನ ಗಂಡನ ಚಿಕ್ಕಮ್ಮ, ಮಾವನ ತಮ್ಮನ ಹೆಂಡತಿ. ತಮ್ಮ ತೀರಿಕೊಂಡ ವರ್ಷವೇ ಮಾವ ಪಾಲು ಮಾಡಿ, ಎರೆಹೊಲವನ್ನೆಲ್ಲ ತಾವಿಟ್ಟುಕೊಂಡು, ಹುರುಳಿಯೂ ಏಳದ ದಿಬ್ಬದ ಮಾಳವನ್ನು ಆಕೆಗೆ ಬಿಟ್ಟರು. ಮಠದ ಕಟ್ಟೆಯಲ್ಲಿ ಹಿರಿಯರ ಮುಂದೆ, "ಅಲ್ಲಿ ಕತ್ತೆನೂ ಹೊರಳಾಡಂಗಿಲ್ಲ. ಹೆಣ್ಣಮಗಳಿಗಿ ಅಷ್ಟ ಸಾಕು," ಎಂದು ನಕ್ಕರಂತೆ. ಹಿರಿಯರೂ ನಕ್ಕರಂತೆ. ಯಾರು ಯಾರು ನಕ್ಕರೆಂದು ಕಾಕು ಎಷ್ಟೋ ವರ್ಷಗಳ ಮೇಲೂ ಹೆಸರು ಹಿಡಿದು ಹೇಳುತ್ತಿದ್ದಳು.

ಸೊಸೆಯಾಗಿ ಬಂದ ನನಗೆ ಆಕೆಯ ಜೊತೆ ಮಾತಾಡಬಾರದೆಂದು ಕಟ್ಟಪ್ಪಣೆ. ನೀರಿಗೆ ಹೋದಾಗ ಬಾವಿಯ ಹತ್ತಿರ ಕದ್ದು ಮಾತಾಡುತ್ತಿದ್ದೆವು. ನೆಲದ ವಿಚಿತ್ರಗಳೆಂದರೆ ಆಕೆಗೆ ಪ್ರಾಣ. ಒಮ್ಮೆ ಕರಿಕಲ್ಲೊಂದನ್ನು ಒಡೆದು ತೋರಿಸಿದಳು. ಒಳಗೆ ಪೊಳ್ಳು, ಪೊಳ್ಳಿನ ತುಂಬ ಕಲ್ಲುಸಕ್ಕರೆಯಂಥ ಬಿಳಿ ಹರಳು. "ಉನಕೇಶ್ವರದಾಗ ಒಲಿ ಇಲ್ದನೇ ನೆಲದಾಗಿಂದ ಬಿಸಿನೀರು ಬರ್ತಾವ, ನಾ ಜಳಕ ಮಾಡಿ ಬಂದೀನಿ," ಎನ್ನುವಳು. "ನಮ್ಮ ಎರಿ ನೋಡು. ಬ್ಯಾಸಗ್ಯಾಗ ಬಾಯಿ ಬಿಟ್ಟು ಮ್ಯಾಲಿನ ಮಣ್ಣು ನುಂಗ್ತದ, ಮಳಿಗಿ ಉಬ್ಬತದ. ನೇಗಿಲ ಇಲ್ದನೇ ತನ್ನನ್ನ ತಾನೇ ಉಳಕೋತದ. ಅದರ ಮ್ಯಾಲ ಮನಿ ಕಟ್ಟಿದಂವಾ ಮಾತ್ರ ಕೆಟ್ಟ!" ಎಂದು ನಮ್ಮ ವಾಡೆಯ ಕಡೆ ನೋಡಿ ನಗುವಳು. ನಮ್ಮ ಗೋಡೆಗಳಲ್ಲಿ ಕೈ ತೂರುವಷ್ಟು ಬಿರುಕು.

ಎಲ್ಲಕ್ಕಿಂತ ದೊಡ್ಡ ವಿಚಿತ್ರ ಆಕೆಯ ಮಾಳದಲ್ಲೇ ಇತ್ತು. ಬೇವಿನ ಸಸಿಗೆಂದು ಗುಂಡಿ ತೋಡಿದಾಗ ಕೆಳಗಿನ ಕೆಂಪು ಕಲ್ಲು ಬೆಲ್ಲದ ಹಾಗೆ ಕೊಡಲಿಗೆ ಕೊಯ್ದು ಬಂತು. ಮೇಲೆ ಎಸೆದ ತುಂಡು ಗಾಳಿ ಬಿಸಿಲಿಗೆ ಬಿದ್ದು, ವರ್ಷದೊಳಗೆ ಅದೇ ಕೊಡಲಿಯ ಬಾಯಿ ಮುರಿಯುವಷ್ಟು ಗಟ್ಟಿಯಾಯಿತು. ಕಾಕು ಬೀದರ ಕಡೆಯ ಒಡ್ಡರನ್ನು ಕರೆಸಿ ಕಲ್ಲು ಕೊಯ್ಯಿಸತೊಡಗಿದಳು. ನಕ್ಕಿದ್ದ ಹಿರಿಯರು ಒಬ್ಬೊಬ್ಬರಾಗಿ ದಿಬ್ಬ ಹತ್ತಿ ಬಂದು ಕಲ್ಲು ಕೇಳಿದರು. ಅಂದು ನಕ್ಕಿದ್ದನ್ನು ನೆನಪಿಸದೆ ಯಾರಿಗೂ ಕೊಡಲಿಲ್ಲ. ಮಾವನಿಗಂತೂ ಒಂದು ಕಲ್ಲೂ ಇಲ್ಲ.

ನಾನು ಹೆತ್ತ ತಿಂಗಳಲ್ಲಿ ಮೊದಲ ಮಳೆಗೆ ಒಳಕೋಣೆಯ ಗೋಡೆ ತೊಟ್ಟಿಲ ಮೇಲೆ ಕುಸಿಯಿತು. ಎಣ್ಣೆ ಹಚ್ಚಲೆಂದು ಕೂಸನ್ನು ಆಗಷ್ಟೇ ಹೊರಗೆ ತಂದಿದ್ದೆ. ಮಾವ ರುಮಾಲು ಸುತ್ತಿಕೊಂಡು ಆಕೆಯ ಬಾಗಿಲಿಗೆ ಹೋದರು. ನಾನೂ ಕೂಸನ್ನೆತ್ತಿಕೊಂಡು ಹಿಂದೆಯೇ ಹೋದೆ.

"ಕಲ್ಲು ಬೇಕಾಗ್ಯಾವ," ಎಂದರು ಮಾವ.

"ಆ ಮಾಳದಾಗ ಏನದ ಭಾವಾರ? ಕತ್ತೆನೂ ಹೊರಳಾಡಂಗಿಲ್ಲ ಅಂತ ನೀವೇ ಹೇಳಿದ್ರಿ."

ಕಾಕು ನನ್ನ ಕೂಸಿನ ತಲೆ ಸವರಿ, "ಬಾಣಂತಿ ಕೋಣಿಗಿ ಕೊಡ್ತೀನಿ. ನಿಮ್ಮ ಗ್ವಾಡಿಗಿ ಒಂದೂ ಇಲ್ಲ," ಎಂದಳು.

ಒಣಗಿ ಗಟ್ಟಿಯಾದ ಕಲ್ಲನ್ನೇ ಆರಿಸಿ ಕಳಿಸಿದಳು. ಗಟ್ಟಿ ನೆಲ ಸಿಗುವ ತನಕ ಪಾಯ ತೋಡಿಸಿದಳು. ಬಿರುಕು ಬಿಟ್ಟ ಆ ವಾಡೆಯೊಳಗೆ ನನ್ನ ಕೋಣೆಯೊಂದೇ ಕೆಂಪಗೆ ನಿಂತಿತು. ಬಂದ ಬೀಗರೆಲ್ಲ, "ಈ ಕಲ್ಲು ಎಲ್ಲಿಂದ ಬಂದಾವ್ರೀ?" ಎಂದು ಕೇಳುವರು, ಪ್ರತಿಸಲವೂ ಮಾವನೇ ಹೇಳಬೇಕಾಗುತ್ತಿತ್ತು. ಮಳೆಗಾಲದಲ್ಲಿ ಅವರು ತಮ್ಮ ಕೋಣೆಗೆ ಅಂಜಿ ಪಡಸಾಲೆಯಲ್ಲಿ ಮಲಗುತ್ತಿದ್ದರು. ಇದನ್ನು ನಾನು ಬಾವಿಯ ಹತ್ತಿರ ಹೇಳಿದರೆ ಕಾಕು, "ಇನ್ನೊಮ್ಮಿ ಹೇಳು," ಎನ್ನುವಳು.

ಕಾಯಿಲೆ ಬಿದ್ದಾಗ ನನ್ನ ಕೈ ಹಿಡಿದು, "ಸತ್ತ ಮ್ಯಾಲ ನನಗ ನಿನ್ನ ಮಾವ ಮಣ್ಣು ಹಾಕಬಾರ್ದು. ನೀ ನಿಲ್ಲಿಸಬೇಕು," ಎಂದಳು. ನಾನು ಹೂಂ ಎಂದೆ.

ಆಕೆ ತೀರಿಕೊಂಡಾಗ ಮಾಳದಲ್ಲೇ ತೋಡಿದ ಕುಣಿಯಲ್ಲಿ ಕೂಡಿಸಿ, ಜಂಗಮರು ವಿಭೂತಿ ಹಚ್ಚಿದರು. ಮಾವ ಬಾಗಿ ಹಿಡಿ ಮಣ್ಣು ಎತ್ತಿದರು. ಅಷ್ಟು ವರ್ಷ ಅವರೆದುರು ನಾನು ಬಾಯಿ ತೆರೆದವಳಲ್ಲ. ತಲೆಯ ಸೆರಗು ಸರಿಸಿ ಮುಂದೆ ಹೋದೆ.

"ಮಾವಾರ, ಬ್ಯಾಡ್ರೀ. ಕಾಕು ಬ್ಯಾಡ ಅಂದಾಳ."

ಮಾವ ನನ್ನ ಮುಖ ನೋಡಿದರು. ಮಣ್ಣು ಹಿಡಿದ ಮುಷ್ಟಿಯನ್ನು ಬಿಚ್ಚದೆ ಹಾಗೆಯೇ ದಿಬ್ಬ ಇಳಿದು ಹೋದರು.

ಮಣ್ಣು ಮಾಡುವ ಹೊತ್ತಿನಲ್ಲಿ ಹಾಗೆ ಮಾಡಬಾರದಿತ್ತು ಎಂದು ಊರವರು ಈಗಲೂ ಅನ್ನುತ್ತಾರೆ. ನನಗೆ ಒಮ್ಮೆಯೂ ಹಾಗನ್ನಿಸಿಲ್ಲ.