ದಾರ್ಸೈಟಿನ ಶುಕ್ರವಾರ, ಅಮೆರಿಕದ ಯುದ್ಧ

ಇರಾಕ್ ಕುವೈತನ್ನು ನುಂಗಿ, ಅಮೆರಿಕದ ಸೈನ್ಯ ಕೊಲ್ಲಿಗೆ ಬಂದಿಳಿದ ವರ್ಷದ ಚಳಿಗಾಲದಲ್ಲಿ, ಅದೇ ಕೊಲ್ಲಿಯ ಇನ್ನೊಂದು ದೇಶದಲ್ಲಿ ನಾವು ಕೆಲಸಕ್ಕಿದ್ದ ದಾರ್ಸೈಟಿನ ಅಂಗಡಿಗಳಲ್ಲಿ ಮೊದಲು ಖಾಲಿಯಾದದ್ದು ಕುಚ್ಚಲಕ್ಕಿ. ಪಕ್ಕದಲ್ಲೇ ಬಾಸ್ಮತಿ ಮೂಟೆಗಳು ಎದೆಯೆತ್ತರಕ್ಕೆ ಬಿದ್ದಿದ್ದವು. ನಮ್ಮ ಕರಾವಳಿಯವರು ಅದನ್ನು ಮುಟ್ಟಲಿಲ್ಲ. ಯುದ್ಧ ಬಂದರೂ ಗಂಜಿ ಗಂಜಿಯಂತೆಯೇ ಇರಬೇಕಿತ್ತು.

ನಮ್ಮ ಮನೆಯಲ್ಲಿ ಅಕ್ಕಿಗಿಂತ ದೊಡ್ಡ ಪ್ರಶ್ನೆಯಿತ್ತು. ಹೆಂಡತಿಯನ್ನೂ ಮಗಳನ್ನೂ ಊರಿಗೆ ಕಳುಹಿಸುವುದೋ ಬೇಡವೋ? ಮಂಗಳೂರಿನಿಂದ ಅತ್ತೆ ಫೋನಿನಲ್ಲಿ ಅಳುತ್ತಿದ್ದರು. ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಯಾವುದನ್ನೂ ನಾಳೆಗೆ ಇಡುವ ಅಭ್ಯಾಸವಿಲ್ಲ. ಆ ಶುಕ್ರವಾರ ತೀರ್ಮಾನವಾಗಲೇಬೇಕು ಎಂದು ಹೇಳಿಬಿಟ್ಟಿದ್ದೆ.

ಶುಕ್ರವಾರ ರಜೆ. ಪಕ್ಕದ ರೂವಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿಕೊಂಡು ಕೆಳಮಹಡಿಯ ಪೊರ್ಬುಗಳು ಚಹಾಕ್ಕೆ ಬರುತ್ತಿದ್ದರು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರನ್ನು ನಮ್ಮಲ್ಲಿ ಹಾಗೇ ಕರೆಯುವುದು; ಇವರೊಬ್ಬರು ಹಡಗು ಕಂಪನಿಯಲ್ಲಿ ಗುಮಾಸ್ತರು. ವಾದವಿಲ್ಲದೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ.

"ಸಣ್ಣ ದೇಶವನ್ನು ದೊಡ್ಡದು ನುಂಗಿದೆ. ಯಾರಾದ್ರೂ ಬಿಡಿಸ್ಬೇಕಲ್ಲ?" ಎಂದೆ.

"ಮಾರಾಯ್ರೇ, ಕುವೈತ್‌ನಲ್ಲಿ ಎಣ್ಣೆ ಬದ್ಲು ಕುಂಬಳಕಾಯಿ ಸಿಗ್ತಿದ್ರೆ ಈ ಅಮೆರಿಕದವರು ಬರ್ತಿದ್ರಾ?"

"ಹಾಗಾದ್ರೆ ನ್ಯಾಯ ಅಂತ ಒಂದು ಇಲ್ವಾ ಪೊರ್ಬುಗಳೇ?"

"ಉಂಟು. ಎಣ್ಣೆ ಇದ್ದಲ್ಲಿಗೆ ಸ್ವಲ್ಪ ಬೇಗ ಬರ್ತದೆ. ಮತ್ತೆ ಅವರಿಗೂ ಎಲೆಕ್ಷನ್ ಇಲ್ವಾ? ಯುದ್ಧ ಗೆದ್ದವನಿಗೆ ಓಟು ಬೀಳ್ತದೆ."

ನೀರುದೋಸೆ ತಂದಿಟ್ಟ ಹೆಂಡತಿ ಅಲ್ಲೇ ನಿಂತಳು. "ಅವರು ಬಂದದ್ದು ಯಾಕೆ ಅಂತ ನೀವಿಬ್ರೂ ಒಮ್ಮೆ ಸರಿಯಾಗಿ ಹೇಳಿ. ನನಗೆ ಅದನ್ನು ನೋಡಿ ಟಿಕೆಟ್ ಮಾಡ್ಲಿಕ್ಕುಂಟು."

ನಾವು ನಕ್ಕೆವು. ಅವಳು ನಗಲಿಲ್ಲ.

"ಬಿಡಿಸ್ಲಿಕ್ಕೆ ಬಂದವರಾದ್ರೆ ಬಿಡಿಸಿ ಹೋಗ್ತಾರೆ. ಅಷ್ಟು ದಿನ ನಾನು ಅಮ್ಮನಲ್ಲಿ ಇದ್ದು ಬರ್ತೇನೆ. ಎಣ್ಣೆಗೆ ಬಂದವರಾದ್ರೆ ಇಲ್ಲೇ ಕೂತ್ಕೊಳ್ತಾರೆ. ಎಲ್ಲ ಶಾಂತ ಆಯ್ತು, ಇನ್ನು ಬಾ ಅಂತ ನೀವು ನನ್ನನ್ನು ಕರೆಯುವುದು ಯಾವಾಗ ಮತ್ತೆ?"

ಪೊರ್ಬುಗಳು ಲೋಟ ಕೆಳಗಿಟ್ಟರು. "ಎಣ್ಣೆಗೇ ಅಕ್ಕ," ಎಂದರು, ಮೆಲ್ಲಗೆ.

ಅವಳು ನನ್ನ ಕಡೆ ನೋಡಿದಳು. ಕಿಟಕಿಯಾಚೆ ಕಂದು ಗುಡ್ಡ, ಎಂದಿನಂತೆ ಒಂದು ಹುಲ್ಲೂ ಇಲ್ಲದೆ. ನ್ಯಾಯದ ಮಾತು ನನ್ನ ಬಾಯಲ್ಲಿ ಇನ್ನೂ ಇತ್ತು, ಆದರೆ ಅದನ್ನು ನಂಬಿ ಇವಳನ್ನು ವಿಮಾನ ಹತ್ತಿಸುವ ಧೈರ್ಯ ಬರಲಿಲ್ಲ. "ಎಣ್ಣೆಗೇ ಇರಬೇಕು," ಎಂದೆ.

"ಹಾಗಾದ್ರೆ ಖಲಾಸ್. ನಾನು ಹೋಗುವುದಿಲ್ಲ."

ಸಂಜೆ ಅತ್ತೆಗೆ ಅವಳೇ ಫೋನ್ ಮಾಡಿದಳು. ಯುದ್ಧ ಮುಗಿದ ಮೇಲೆ ಅವರೆಲ್ಲ ಹೋಗುತ್ತಾರಂತಾ ಎಂದು ಅತ್ತೆ ಕೇಳಿರಬೇಕು. "ಇಲ್ಲಮ್ಮ, ಅವರಿಗೆ ಇಲ್ಲಿ ಕೆಲಸ ಉಂಟು. ನಮಗೂ ಉಂಟು," ಎಂದಳು.

ಯುದ್ಧ ಬೇಗ ಮುಗಿಯಿತು. ಮಗಳು ಅಲ್ಲೇ ಶಾಲೆಯ ಪರೀಕ್ಷೆ ಬರೆದಳು. ಅಮೆರಿಕದವರು ಕೊಲ್ಲಿ ಬಿಟ್ಟು ಹೋಗಲಿಲ್ಲ. ತೊಂಬತ್ತರ ದಶಕದ ಕೊನೆಗೆ ನಾವೇ ಅವರಿಗಿಂತ ಮೊದಲು ಊರಿಗೆ ಹೊರಟೆವು. ಅಂದು ಅವಳು ಹೋಗಿದ್ದರೆ ನನಗೆ ಅವಳ ಜೊತೆ ದಾರ್ಸೈಟಿನ ಅಷ್ಟೊಂದು ಶುಕ್ರವಾರಗಳು ಸಿಗುತ್ತಿರಲಿಲ್ಲ.