ಜಿನ್ ಬಂದಾದ ಮೇಲೂ ಕೂತ ದನಿ

ನನ್ನ ಅಣ್ಣ ಆದೋನಿಯ ಜಿನ್ನಿಂಗ್ ಮಿಲ್ಲೊಂದರಲ್ಲಿ ಮೇಸ್ತ್ರಿ. ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರಗಳ ಗದ್ದಲದ ಮೇಲೆ ಕೂಗಿ ಕೆಲಸ ಮಾಡಿಸುವುದೇ ಅವನ ಉದ್ಯೋಗ. ಹಂಗಾಮಿನಲ್ಲಿ ಅಲ್ಲಿ ಎಲ್ಲರ ದನಿಯೂ ಒಡೆದಿರುತ್ತದೆ. ಪಾಳಿ ಮುಗಿದಾಗ ಕೈಗೊಂದು ಬೆಲ್ಲದ ಉಂಡೆ ಕೊಡುತ್ತಾರೆ. ಗಂಟಲಿನ ಹತ್ತಿ ಧೂಳು ಅದರಿಂದ ಇಳಿಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಣ್ಣನ ದನಿ ಕೂತಾಗ ಮನೆಯವರೆಲ್ಲ ಬೆಲ್ಲ ಹೆಚ್ಚಿಸಿದೆವು. ನಾನೂ.

ತಪ್ಪು ಹಿಡಿದವಳು ಅತ್ತಿಗೆ. ಬೇಸಿಗೆಯ ಒಂದು ಮಧ್ಯಾಹ್ನ ಅಣ್ಣನಿಗೆ ಅನ್ನ ಬಡಿಸುತ್ತ ನನ್ನನ್ನು ಕೇಳಿದಳು: “ಜಿನ್ ಬಂದಾಗಿ ಎರಡು ತಿಂಗಳಾತು. ಇನ್ನೂ ಯಾವ ಹತ್ತಿ ಇವರ ಗಂಟಲಾಗ ಕುಂತೈತಿ?”

ಮರುದಿನ ಕರ್ನೂಲಿಗೆ ಹೋದೆವು.

ಅಲ್ಲಿನ ವೈದ್ಯೆ ಗಂಟಲಿಗೆ ಕ್ಯಾಮೆರಾ ಇಳಿಸಿದಾಗ ಧ್ವನಿಪೆಟ್ಟಿಗೆಯ ಕೆಳಗೆ ಉಬ್ಬು ಕಂಡಿತು. ಮೇಲ್ಪೊರೆಯ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇಲ್ಲ ಎಂದು ವರದಿ ಬಂತು. ಅಣ್ಣ ಚಪ್ಪಲಿ ಮೆಟ್ಟಿಯೇಬಿಟ್ಟ. ವೈದ್ಯೆ ಬಿಡಲಿಲ್ಲ. ಪೊರೆ ನುಣುಪಾಗಿದೆ, ಉಬ್ಬು ಒಳಗಿನಿಂದ ಬಂದದ್ದು ಎಂದು ಸ್ಕ್ಯಾನ್ ಮಾಡಿಸಿದರು. ಧ್ವನಿಪೆಟ್ಟಿಗೆಯ ಬುಡದಲ್ಲಿರುವ ಮೃದು ಎಲುಬಿನ ಉಂಗುರದಲ್ಲೇ ಗಡ್ಡೆ ಇತ್ತು. ಈ ಸಲ ಆಳದಿಂದ ತೆಗೆದ ಚೂರು ಕ್ಯಾನ್ಸರ್ ಎಂದೇ ಹೇಳಿತು. ತೀರಾ ಅಪರೂಪದ್ದು, ನಿಧಾನವಾಗಿ ಬೆಳೆಯುವಂಥದ್ದು. ಕೊಯ್ದು ತೆಗೆಯುವುದೇ ಮುಖ್ಯ ಚಿಕಿತ್ಸೆ. ಉಂಗುರದ ಅರ್ಧದೊಳಗಿದ್ದರೆ ದನಿ ಉಳಿಯಬಹುದು, ಮೀರಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದೀತು. ಅಣ್ಣ ಎರಡಕ್ಕೂ ಸಹಿ ಹಾಕಿದ.

ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆ ಐದು ತಾಸು ನಡೆಯಿತು. ಗಡ್ಡೆ ಪೂರ್ತಿ ಬಂತು, ಪೆಟ್ಟಿಗೆ ಉಳಿಯಿತು ಎಂದು ಸರ್ಜನ್ ಹೇಳಿದಾಗ ಅತ್ತಿಗೆ ಅವರಿಂದ ಅದನ್ನು ಎರಡು ಸಲ ಹೇಳಿಸಿಕೊಂಡಳು. ಉಸಿರಾಟಕ್ಕೆಂದು ಕೊರಳಿನಲ್ಲಿ ನಳಿಕೆ ಇಟ್ಟಿದ್ದರು. ಕೆಲವು ವಾರ ಅಣ್ಣ ಸ್ಲೇಟಿನ ಮೇಲೆ ಬರೆದೇ ಜಗಳವಾಡಿದ.

ನಳಿಕೆ ತೆಗೆದು, ಗಾಯ ಮಾಗಿದ ಮೇಲೆ ಸರ್ಜನ್ ಮಾತಾಡಲು ಹೇಳಿದರು. ಅಣ್ಣ ಹೆಂಡತಿಯ ಕಡೆ ತಿರುಗಿದ.

“ಏನ್ ನೋಡ್ತಿ? ಬಾಯಿ ಬಂತು. ಇನ್ನ ನಿನ್ನ ಆಟ ನಡಿಯಂಗಿಲ್ಲ.”

ದನಿ ಒರಟಾಗಿತ್ತು, ಪ್ರತಿ ಅಕ್ಷರ ಸ್ಪಷ್ಟವಾಗಿತ್ತು.

“ನಡಿತೈತಿ ಬಿಡ್ರಿ,” ಎಂದಳು ಆಕೆ, ಸೆರಗಿನಿಂದ ಕಣ್ಣೊರೆಸಿಕೊಂಡು.

ಮುಂದಿನ ಹಂಗಾಮಿಗೆ ಅವನು ಮಿಲ್ಲಿಗೆ ಮರಳಿದ ದಿನ ನಾನೂ ಹೋಗಿದ್ದೆ. ಯಂತ್ರಗಳೆಲ್ಲ ಓಡುತ್ತಿದ್ದವು. ಮಾಸ್ಕ್ ಸರಿಸಿ ಒಮ್ಮೆ ಕೂಗಿದ. ಹಳೆಯ ದನಿಯಲ್ಲ ಅದು. ಆದರೂ ಕೊನೆಯ ಯಂತ್ರದ ಬಳಿಯ ಹೆಂಗಸರು ಆ ಒಂದೇ ಕೂಗಿಗೆ ತಿರುಗಿ ನೋಡಿದರು.